ಎನಿಡ್ ಕಂಡ ರೀವ ಹಕ್ಕಿ

ಎನಿಡ್ ಟಾರಂಟ್‌ಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳು ಸತ್ತ ಮೇಲೂ ಆಗುವುದಿಲ್ಲ. ಶೂ ಕಾರ್ಖಾನೆಯಲ್ಲಿ ಚರ್ಮ ಹೊಲಿಯುತ್ತಿದ್ದ ಹೆಂಗಸು. ಶಿಫ್ಟ್ ಮುಗಿದದ್ದೇ ತಡ, ಅಂಟಿನ ವಾಸನೆ ಹೊತ್ತುಕೊಂಡೇ ಸೈಕಲ್ ತುಳಿದು ಜಲಾಶಯದ ಏರಿಗೆ ಬರುತ್ತಿದ್ದಳು. ನಮ್ಮ ಕೌಂಟಿ ಕಡಲಿಲ್ಲದ ಜಿಲ್ಲೆ, ಅದಕ್ಕೇ ಕಡಲಕ್ಕಿ, ಕವಲು ಬಾಲದ ರೀವ ಮುಂತಾದ ನೀರಹಕ್ಕಿಗಳೆಂದರೆ ನಮಗೆ ಹುಚ್ಚು. ಕಡಲ ದಂಡೆಯಲ್ಲಿ ಯಾರೂ ತಿರುಗಿ ನೋಡದ ಹಕ್ಕಿಗಾಗಿ ಇಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ.

ಏರಿಯ ಮೇಲೆ ನಾವು ಆರು ಗಂಡಸರು ಟೆಲಿಸ್ಕೋಪು ಹೂಡಿ ಸಾಲಾಗಿ ನಿಲ್ಲುತ್ತಿದ್ದೆವು. ಅವಳು ಸಾಲಿನ ತುದಿಯಲ್ಲಿ, ಗಾಳಿಗೆ ಎದುರಾಗಿ. ಒಳಗೆ ಜಾಗ ಬಿಟ್ಟವರಿಲ್ಲ. ಅಪರೂಪದ ಹಕ್ಕಿ ಕಂಡವರು ಕೂಗಿ ಜಾಗ ಹೇಳಬೇಕು, ಇನ್ನೊಬ್ಬರು ನೋಡಿ ಹೌದೆನ್ನಬೇಕು. ಇಲ್ಲವಾದರೆ ದಾಖಲೆಗಳನ್ನು ಪರಿಶೀಲಿಸುವ ಸಮಿತಿ ಒಪ್ಪುವುದು ಕಷ್ಟ, ಕೌಂಟಿಯ ಹಕ್ಕಿಪುಸ್ತಕದಲ್ಲಿ ಹೆಸರು ಬರುವುದಿಲ್ಲ.

ಎಪ್ಪತ್ತೆಂಟರ ಮೇ ತಿಂಗಳಲ್ಲಿ ಸಮಿತಿಯ ಅಧ್ಯಕ್ಷ ಪಾಯ್ಸರ್ ಒಂದು ಮಾಮೂಲಿ ರೀವವನ್ನು ಅಪರೂಪದ್ದೆಂದ. ಎನಿಡ್ ಎಲ್ಲರೆದುರೇ ಅವನನ್ನು ತಿದ್ದಿದಳು. ಆಮೇಲೆ ಒಂದೇ ವಾರಕ್ಕೆ ಅವಳೇ ಕೂಗಿದಳು, ನೀರಲ್ಲಿ ತೇಲುವ ಮೂರನೇ ಪೀಪಾಯಿಯ ಎಡಕ್ಕೆ ಕಾಸ್ಪಿಯನ್ ರೀವ ಇದೆಯೆಂದು. ಕೌಂಟಿಗೇ ಮೊದಲನೆಯದು. ಅಂಟಿನ ನಶೆ ತಲೆಗೇರಿದೆ ಎಂದ ಪಾಯ್ಸರ್. ಎಲ್ಲರೂ ನಕ್ಕರು, ಒಬ್ಬರೂ ಹೌದೆನ್ನಲಿಲ್ಲ. ಹತ್ತು ನಿಮಿಷದಲ್ಲಿ ಹಕ್ಕಿ ಹಾರಿಹೋಯಿತು.

ಪಬ್ಬಿನಲ್ಲಿ ಸಮಿತಿಯ ಸಭೆ ಇದ್ದ ದಿನ ಅವಳು ಬಾಗಿಲಲ್ಲೇ ನನ್ನನ್ನು ತಡೆದಳು. ನಾನು ಕಾರ್ಯದರ್ಶಿ.

"ರೋಲಂಡ್, ನಿನ್ನ ಟೆಲಿಸ್ಕೋಪು ತಿರುಗ್ತು. ಮೂರನೇ ಪೀಪಾಯಿ ಹತ್ರ ನಿಂತ್ಕೊಂಡ್ತು, ನಾನು ನೋಡ್ದೆ. ಬೇರೇನೂ ಬೇಡ, ಕಂಡಿದ್ದು ಹೇಳಪ್ಪ ಸಾಕು."

"ನಂಗೆ ಕಂಡಿದ್ದು ಮಾಮೂಲಿ ಹೆರಿಂಗ್ ಕಡಲಕ್ಕಿ," ಎಂದೆ.

ಸುಳ್ಳು. ರೀವವನ್ನು ಕಣ್ತುಂಬ ಕಂಡಿದ್ದೆ. ಇಪ್ಪತ್ತು ವರ್ಷ ನಾನು ಕಾದ ಹಕ್ಕಿ ಹೊಲಿಗೆಯವಳಿಗೆ ಮೊದಲು ಕಂಡಿತಲ್ಲ ಎಂದು ಹೊಟ್ಟೆ ಉರಿಯಿತು. ಸಮಿತಿಯ ಐದಕ್ಕೆ ಐದೂ ಮತ ವಿರುದ್ಧ ಬಿದ್ದು ಅವಳ ದಾಖಲೆ ತಿರಸ್ಕೃತವಾಯಿತು. ಅದನ್ನು ತಿಳಿಸುವ ಪತ್ರ ಅವಳಿಗೆ ಬರೆದವನೂ ನಾನೇ. ಮಾರನೆಯ ದಿನ ಅವಳು ಯಥಾಪ್ರಕಾರ ಏರಿಯ ತುದಿಯಲ್ಲಿ ನಿಂತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಂಬತ್ತು ವರ್ಷದ ಮೇಲೆ, ಜನವರಿಯ ಕೊರೆಯುವ ಚಳಿಯಲ್ಲಿ, ಮಂಜಿನಷ್ಟು ಬಿಳಿಯ, ಬಲು ಅಪರೂಪದ ದಂತದ ಕಡಲಕ್ಕಿ ನನ್ನೆದುರು ಬಂದಿಳಿಯಿತು. ಏರಿಯ ಮೇಲೆ ನಾನು ಮತ್ತು ಎನಿಡ್ ಇಬ್ಬರೇ. ಗತಿಯಿಲ್ಲದೆ ಕೂಗಿದೆ. ಅವಳು ತಕ್ಷಣ ತಿರುಗಿ ಬಹಳ ಹೊತ್ತು ನೋಡಿದಳು.

"ಹೌದು, ಅದೇ. ಮೊದ್ಲು ಕಂಡಿದ್ದು ನೀನು. ನಾನೂ ನೋಡ್ದೆ ಅಂತ ಬರ್ಕೋ."

ಸಮಿತಿಯಲ್ಲಿ ಪಾಯ್ಸರ್ ನಾನು ಬರೆದ ಹಕ್ಕಿಯ ಚಿತ್ರ ನೋಡಿ ಮೂಗು ಮುರಿದ. ಆಮೇಲೆ ಎನಿಡ್ ಸಹ ನೋಡಿದ್ದಾಳೆಯೇ ಎಂದು ಕೇಳಿದ. ನೋಡಿದ್ದಾಳೆಂದರೆ ಸರಿ ಎಂದು ಸಹಿ ಹಾಕಿದ. ಪುಸ್ತಕದಲ್ಲಿ ನನ್ನ ಹೆಸರಿಗೆ ಬೆಲೆ ಬಂದದ್ದು ಅವಳ ಮಾತಿನಿಂದ. ಅದನ್ನು ನಾನು ಕ್ಷಮಿಸಿಲ್ಲ.

ಕಳೆದ ಚಳಿಗಾಲ ಎನಿಡ್ ತೀರಿಕೊಂಡಳು. ಈಗ ಹೊಸ ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಹೊಸ ಸಮಿತಿಯವರು ಮನೆಗೇ ಬಂದು, ಅವಳ ರೀವವನ್ನು ಕಂಡ ಇನ್ನೊಬ್ಬರು ಸಿಕ್ಕರೆ ಈಗಲೂ ಸೇರಿಸಬಹುದು ಎಂದರು. ಅಂದಿನವರಲ್ಲಿ ಉಳಿದಿರುವವನು ನಾನೊಬ್ಬನೇ. ಅವರಿಗೆ ಚಹಾ ಕೊಟ್ಟೆ. ಹೆರಿಂಗ್ ಕಡಲಕ್ಕಿ ಎಂದು ಮತ್ತೆ ಬರೆದುಕೊಟ್ಟೆ.