ಅವನ ಹೈ ವೋಲ್ಟೇಜ್ ಪ್ರೋಬ್

ಚಳ್ಳಕೆರೆಯಲ್ಲಿ ನಾನು ಟಿವಿ ರಿಪೇರಿ ಅಂಗಡಿ ಇಟ್ಟಿದ್ದಾಗ ನನ್ನ ಹೊಟ್ಟೆ ಉರಿಸಿದವನು ಒಬ್ಬನೇ. ಇಬ್ಬರೂ ಒಬ್ಬರೇ ಉಸ್ತಾದರ ಬಳಿ ಕೆಲಸ ಕಲಿತವರು. ಅವನು ನನಗಿಂತ ನಾಲ್ಕು ವರ್ಷ ತಡವಾಗಿ ಸೇರಿದವನು, ನನ್ನನ್ನು ಅಣ್ಣಾ ಅನ್ನುತ್ತಿದ್ದ. ಆದರೂ ರಾಂಪುರದಿಂದ ಬಸ್ಸಿನಲ್ಲಿ ಟಿವಿ ಹೇರಿಕೊಂಡು ಬಂದವರು ನನ್ನ ಅಂಗಡಿ ದಾಟಿ ಅವನ ಅಂಗಡಿಗೆ ಹೋಗುತ್ತಿದ್ದರು.

ಅವನ ಬಳಿ ಹೈ ವೋಲ್ಟೇಜ್ ಪ್ರೋಬ್ ಇತ್ತು. ಮೊಳದುದ್ದದ ಪ್ಲಾಸ್ಟಿಕ್ ಕೋಲು, ಹಿಡಿಯಲ್ಲಿ ಮೀಟರು, ಜೊತೆಗೊಂದು ಅರ್ಥ್ ವೈರು. ಪಿಕ್ಚರ್ ಟ್ಯೂಬಿಗೆ ಹೋಗುವ ಸಾವಿರಾರು ವೋಲ್ಟನ್ನು ಅದರಲ್ಲಿ ಅಳೆಯುತ್ತಿದ್ದ. ನಾನು ಹಳೆಯ ರೀತಿಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಕಿಡಿ ಎಳೆದು ನೋಡುತ್ತಿದ್ದೆ. ಶಾಕ್ ಎದೆಗೆ ಹಾಯದಿರಲೆಂದು ಅವನು ಎಡಗೈ ಬೆನ್ನ ಹಿಂದಿಟ್ಟುಕೊಂಡು ಅಳೆಯುವುದನ್ನು ಗಿರಾಕಿಗಳ ಮುಂದೆ ಆಡಿ ತೋರಿಸಿ, ಪುಕ್ಕಲ ಎಂದು ನಗಿಸುತ್ತಿದ್ದೆ.

ಒಮ್ಮೆ ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ನೇಯುವ ಹೆಂಗಸೊಬ್ಬರು ಟಿವಿ ತಂದರು. ಒಳಗೆ ಚಟಚಟ ಸದ್ದು, ಚಿತ್ರ ನಡುವಿಗೆ ಕುಗ್ಗಿತ್ತು. ಕಿಡಿ ಎಳೆದೆ, ಚೆನ್ನಾಗಿಯೇ ಬಂತು. ಟ್ರಾನ್ಸ್‌ಫಾರ್ಮರ್ ಲೀಕಾಗಿರಬೇಕೆಂದು ಬದಲಿಸಿದೆ. ಹೊಸದರಲ್ಲೂ ಅದೇ ಸದ್ದು. ಮೂರನೇ ಸಲ ಬಂದಾಗ ಆಕೆ ಸಿಟ್ಟಾಗದೆ ಇನ್ನೊಂದು ಅಂಗಡಿ ಎಲ್ಲಿದೆ ಎಂದು ಕೇಳಿದರು. ಮುಖ ಸಣ್ಣದು ಮಾಡಿಕೊಂಡು ಟಿವಿಯನ್ನು ನಾನೇ ಅವನ ಅಂಗಡಿಗೆ ಹೊತ್ತುಕೊಂಡು ಹೋದೆ.

ಅವನು ಏನೂ ಕೇಳದೆ ಪ್ರೋಬನ್ನು ನನ್ನ ಕೈಗೇ ಕೊಟ್ಟ. ನನಗೂ ಬರುತ್ತದೆಂದು ತೋರಿಸುವ ಆತುರ ನನಗೆ. ಟಿವಿ ಹಾಕಿ ಟ್ಯೂಬಿನ ರಬ್ಬರ್ ಟೋಪಿಯತ್ತ ನೇರ ಚಾಚಿದೆ. ಅವನು ತಟ್ಟನೆ ಸ್ವಿಚ್ ಆರಿಸಿದ.

"ಅಣ್ಣಾ, ಅರ್ಥ್ ಹಾಕಿಲ್ಲ ನೀನು. ಹಂಗೆ ಮುಟ್ಟಿದ್ರೆ ಅಷ್ಟೂ ನಿನ್ನ ಕೈಗೇ ಬರ್ತೈತೆ."

ಟ್ಯೂಬಿನಲ್ಲಿ ಉಳಿದಿದ್ದ ಕರೆಂಟು ಇಳಿಸಿದ. ಅರ್ಥ್ ವೈರು ಸಿಕ್ಕಿಸಿ, ಪ್ರೋಬಿನ ತುದಿಯನ್ನು ಟೋಪಿಯೊಳಗೆ ತೂರಿಸಿ, ನನ್ನ ಎಡಗೈಯನ್ನು ಬೆನ್ನ ಹಿಂದೆ ಇಡಿಸಿ ಆಮೇಲೆ ಸ್ವಿಚ್ ಹಾಕಿದ. ಮುಳ್ಳು ಮೂವತ್ತು ಸಾವಿರ ದಾಟಿತು. ಆ ಸೆಟ್ಟಿಗೆ ಇಪ್ಪತ್ತೈದು ಸಾವಿರ ಸಾಕಾಗಿತ್ತು; ಹೆಚ್ಚಾದದ್ದೇ ಚಟಗುಟ್ಟಿ ಚಿತ್ರ ಕುಗ್ಗಿಸುತ್ತಿತ್ತು.

"ಕಿಡಿ ನೋಡಿದ್ರೆ ಕರೆಂಟ್ ಐತೆ ಅಂತ ಗೊತ್ತಾಗ್ತೈತೆ ಅಷ್ಟೇ," ಎಂದ. "ಎಷ್ಟೈತೆ ಅಂತ ಗೊತ್ತಾಗಲ್ಲ."

ಕೆಟ್ಟಿದ್ದು ವೋಲ್ಟೇಜನ್ನು ಹಿಡಿತದಲ್ಲಿಡುವ ಒಂದು ಪುಟ್ಟ ಕಂಡೆನ್ಸರ್. ಅದನ್ನು ಬದಲಿಸಿದ ಮೇಲೆ ಚಿತ್ರ ತೆರೆ ತುಂಬಿತು. ಆಕೆ ಬಂದು ದೋಷ ಕಂಡುಹಿಡಿದವರು ಯಾರೆಂದು ಕೇಳಿದಾಗ ಅವನು ನನ್ನತ್ತ ಕೈ ತೋರಿಸಿ, ಅಣ್ಣನೇ ಕಂಡುಹಿಡಿದಿದ್ದು ಎಂದುಬಿಟ್ಟ. ಜಂಬ ಕೊಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಳ್ಳೆಯತನಕ್ಕೆ ನನ್ನ ಹೊಟ್ಟೆ ಮತ್ತಷ್ಟು ಉರಿಯಿತು. ಆದರೂ ಹೌದೆಂದು ತಲೆಯಾಡಿಸಿದೆ.

ಆಮೇಲಿಂದ ಕಷ್ಟದ ಸೆಟ್ಟುಗಳನ್ನೆಲ್ಲ ಅವನಲ್ಲಿಗೆ ಒಯ್ದು ಅಳೆದುಕೊಂಡು ಬರುತ್ತಿದ್ದೆ. ಎಲ್ಲಿ ಅಳೆದೆ ಎಂದು ಮಾತ್ರ ಯಾವ ಗಿರಾಕಿಗೂ ಹೇಳಲಿಲ್ಲ.