ಐದನೆಯ ಬೆರಳು

“ನನ್ನ ಕೈ ನನ್ನದಲ್ಲ ಅಂತ ಕಾಗದ ಬಂದೈತಿ ನೋಡ್ರಿ. ಮೇವು ಕತ್ತರಸೂ ಮಶೀನಿನಾಗ ಕಿರಿಬೆರಳ ಹೋದಾಗ ನನಗ ಹತ್ತೊಂಬತ್ತು ವರ್ಷ. ಇನ್ನ ಈಕಿ ರೊಟ್ಟಿ ಬಡಿಯೂದು ಮುಗೀತು ಅಂದ್ಲು ನಮ್ಮತ್ತಿ. ನಾ ನಾಕ ಬೆರಳಿಲೇನ ಬಡದೆ. ಓದಾಕ ಬರದವ್ರೂ ಚೀಲಕ್ಕ ಹಚ್ಚಿದ ಚೀಟಿ ಮ್ಯಾಲಿನ ಕೈ ನೋಡಿ ನಮ್ಮ ರೊಟ್ಟಿ ತಗೋತಿದ್ರು. ಹೆಸರ ಯಾರರ ತಗೊಳ್ಳಿ, ಕೈ ಹೆಂಗ ತಗೋತಾರ ಹೇಳ್ರಿ?”

ಕಬ್ಬೂರಿನ ಕಾಳವ್ವ ಈ ಮಾತು ಹೇಳಿದ್ದು 2013ರಲ್ಲಿ, ಚಿಕ್ಕೋಡಿಯ ವಕೀಲ ನೇಮಿನಾಥರ ಮುಂದೆ ಕೂತು. ಕಾಗದ ಕಳಿಸಿದವಳು ಹೊರಗಿನವಳಲ್ಲ, ಹಳೆಯ ಗೆಳತಿ ಗಿರಿಜವ್ವ. ಏಳು ವರ್ಷದ ಹಿಂದೆ ಇಬ್ಬರೂ ಕೂಡಿಯೇ ‘ಗೌರಿ ಮಹಿಳಾ ಸಂಘ’ ಕಟ್ಟಿ ಕಡಕ್ ರೊಟ್ಟಿ ಮಾರಲು ಶುರುಮಾಡಿದ್ದರು. ಬಡಿಯುವವಳು ಕಾಳವ್ವ, ಬರೆಯುವವಳು ಗಿರಿಜವ್ವ. ಹೀಗಾಗಿ ಸಂಘದ ಕಾಗದಪತ್ರಗಳೆಲ್ಲ ಗಿರಿಜವ್ವನ ಮನೆಯಲ್ಲೇ ಇದ್ದವು. ಮುನಿಸಿಕೊಂಡು ರಾಯಬಾಗಕ್ಕೆ ಹೋಗುವಾಗ ಅವನ್ನೂ ಒಯ್ದಳು. ಅಲ್ಲಿ ಅವಳ ಮಗ ವಿಕ್ರಾಂತ ‘ಶ್ರೀ ಗೌರಿ ಮಹಿಳಾ ಸಂಘ’ವೆಂದು ಹೊಸದೊಂದು ಮಾಡಿ, ಚೀಟಿಯ ಮೇಲಿನ ಅದೇ ಹಸ್ತವನ್ನು ತಮ್ಮ ಗುರುತೆಂದು ಸರಕಾರದಲ್ಲಿ ನೋಂದಾಯಿಸಿದ. ಹಳೆಯ ಸಂಘ ಈಗ ನಕಲಿಯಾಯಿತು.

“ಕೈ ನಿಮ್ಮದ ಅನ್ನಾಕ ಏನರ ಐತೇನ್ರಿ, ಕಾಳವ್ವಾರ?”

ಕಾಳವ್ವ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು. ಚೀಟಿ ಛಾಪಿಸಲು ನಿಪ್ಪಾಣಿಗೆ ಹೋದಾಗ ಅರಿಸಿನ ಹಚ್ಚಿ ಒತ್ತಿಕೊಟ್ಟಿದ್ದ ಹಸ್ತ. ವಕೀಲರು ಅದನ್ನು ಚೀಟಿಯ ಪಕ್ಕದಲ್ಲಿಟ್ಟು ಎಣಿಸಿದರು.

“ಇದರಾಗ ನಾಕ. ಚೀಟ್ಯಾಗ ಐದ.”

ಐದನೆಯದು ಪ್ರೆಸ್ಸಿನ ಅಣ್ಣಾಸಾಬನ ಉಪಕಾರ. “ಕುಂದಿದ ಕೈ ಛಾಪಿಸಿದ್ರ ಲಗ್ನದ ಮನ್ಯಾವ್ರು ತಗೊಳ್ಳಂಗಿಲ್ರಿ, ಅವ್ವಾರ” ಎಂದು ತಾನೇ ಒಂದು ಬೆರಳು ಬರೆದು ಕೂಡಿಸಿದ್ದ. ಕಾಳವ್ವನಿಗೂ ಅಂದು ಹಿಗ್ಗು. ಆ ಚೀಟಿಯನ್ನು ಗಂಡನಿಗೆ ತೋರಿಸಿ ನಕ್ಕಿದ್ದಳು. ಅಣ್ಣಾಸಾಬ ತೀರಿಕೊಂಡು ಎರಡು ವರ್ಷವಾಗಿತ್ತು.

“ಇದನ್ನ ತೋರಿಸಿದ್ರ ಅವರಿಗೇ ಸಾಕ್ಷಿ ಕೊಟ್ಟಂಗ ಆಕ್ಕೈತ್ರಿ.”

“ಗಿರಿಜಾನ್ನ ಕೇಳ್ರಿ. ಯಾರ ಕೈ ಅಂತ ಆಕಿಗೆ ಗೊತ್ತೈತಿ.”

ನೇಮಿನಾಥರು ಕನ್ನಡಕ ತೆಗೆದಿಟ್ಟರು. “ನಿಮ್ಮ ಕೈಯಾಗ ನಾಕ ಬೆರಳದಾವು ಅಂತ ಈ ಕಾಗದದಾಗ ಬರಸಿದಾಕಿನ ಆಕಿ.”

ಕಾಳವ್ವ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಆ ಬೆರಳು ಹೋದ ದಿನ ಗಾಯಕ್ಕೆ ಸೀರೆ ಹರಿದು ಕಟ್ಟಿದವಳು ಗಿರಿಜವ್ವನೇ. ಕೇಸು ನಡೆಸಲು ಕೈಯಲ್ಲಿ ಒಂದು ರಸೀದಿಯೂ ಇರಲಿಲ್ಲ. ಹಸ್ತವನ್ನೂ ಹೆಸರನ್ನೂ ಇನ್ನು ಬಳಸುವುದಿಲ್ಲ ಎಂದು ವಕೀಲರು ಬರೆದು ಮುಂದಿಟ್ಟರು.

“ಹೆಬ್ಬೆಟ್ಟಿಗೆ ಯಾರೂ ತಕರಾರ ತಗದಿಲ್ಲಲ್ರಿ?” ಎಂದು ಕೇಳಿ ಒತ್ತಿದಳು.

ಸಂಜೆ ಕಬ್ಬೂರಿಗೆ ಬಂದಾಗ ಸಂಘದ ಹೆಂಗಸರು ಕಟ್ಟೆಯ ಮೇಲೆ ಕಾಯುತ್ತಿದ್ದರು. “ಏನಾತ ಬೇ?” ಎಂದು ಒಬ್ಬಳು ಕೇಳಿದಳು.

“ನಾಳೆಯಿಂದ ಚೀಟಿ ಹಚ್ಚಬ್ಯಾಡ್ರಿ. ಬರೇ ಚೀಲದಾಗ ಹಾಕ್ರಿ.”

ಕಾಳವ್ವ ಒಳಗೆ ಹೋಗಿ ಸೀರೆ ಬದಲಿಸಿ, ಸಾಣಿಗೆ ತಂದು ಜೋಳದ ಹಿಟ್ಟು ಸಾಣಿಸತೊಡಗಿದಳು.