ಇಗರ್ಜಿಯ ಕಂಬಕ್ಕೆ ಬೀಡಿ ನೂಲು

ನಡುರಾತ್ರಿ ‘ಟಿಕ್’ ಎಂದೊಂದು ಸದ್ದು. ಹಲ್ಲಿ ಲೊಚಗುಟ್ಟಿದ್ದಲ್ಲ, ನಲ್ಲಿ ತೊಟ್ಟಿಕ್ಕಿದ್ದೂ ಅಲ್ಲ. ಶಾಹಿದಾಗೆ ಮಲಗಿದಲ್ಲೇ ಗೊತ್ತಾಗುತ್ತದೆ: ಕಂಬ ಬಿಚ್ಚಿಕೊಂಡಿತು.

ನಸುಕಿನ ಸುಬಹಿ ನಮಾಜು ಮುಗಿಸಿ ಅವರು ಹಾಲ್‌ನ ದೀಪ ಹಾಕುತ್ತಾರೆ. ಕೊಲ್ಲಿ ದೇಶದ ಅಲ್ ಅಮೇರಾತ್‌ನ ಈ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಇಂಗ್ಲೆಂಡಿನ ಯಾವುದೋ ಹಳ್ಳಿಯ, ಒಂಬೈನೂರು ವರ್ಷ ಹಳೆಯ ಇಗರ್ಜಿ ನಿಂತಿದೆ. ಎಲ್ಲವೂ ಕಾಗದದ್ದು. ಚಾವಣಿ ಇನ್ನೂ ಮುಚ್ಚಿಲ್ಲ. ಒಳಗೆ ಇಣುಕಿದರೆ ಬಲಸಾಲಿನ ಒಂದು ಕಂಬ ಸುರುಳಿ ಬಿಚ್ಚಿಕೊಂಡು ತನ್ನ ಮೇಲಿನ ಕಮಾನನ್ನು ಓರೆ ಮಾಡಿದೆ. ಸಂಜೆಗೆ ಇದು ಮಾಡಲು ಹೇಳಿದ, ರೂವಿ ಪೇಟೆಯ ಅಂಗಡಿ ಸೇರಬೇಕು.

“ನೂಲಿಲ್ಲದೆ ನಿಲ್ಲುವುದಿಲ್ಲ ಅಂತ ಬಾಯಿ ಬಡಿದುಕೊಂಡೆ. ಕೇಳ್ಬೇಕಲ್ಲ ಈ ಅಂಗಡಿಯವರು!” ಎನ್ನುತ್ತ ಕತ್ತರಿ ಹಿಡಿಯುತ್ತಾರೆ ಶಾಹಿದಾ.

ಉಪ್ಪಿನಂಗಡಿಯಲ್ಲಿ ಮದುವೆಯಾಗುವವರೆಗೂ ಬೀಡಿ ಕಟ್ಟಿದ ಕೈ ಇದು. ಗಂಡ ಸಲಾಂ ಕೆಲಸ ಕಳೆದುಕೊಂಡ ವರ್ಷ, ನೆರೆಮನೆಯ ಮಕ್ಕಳಿಗೆ ಶಾಲೆಗೆಂದು ಮಾಡಿಕೊಟ್ಟ ಕಾಗದದ ಮಿನಾರ ರೂವಿಯ ಮಾದರಿ ಕಟ್ಟಡಗಳ ಅಂಗಡಿಯವರ ಕಣ್ಣಿಗೆ ಬಿತ್ತು. ಅಂದಿನಿಂದ ಕೋಟೆ, ಬಂಗಲೆ, ಬ್ಯಾಂಕು ಎಲ್ಲ ಈ ಮೇಜಿನ ಮೇಲೆಯೇ ಎದ್ದಿವೆ. ಕೆಳಗಿನ ಹಿತ್ತಾಳೆ ಫಲಕದಲ್ಲಿ ಅಂಗಡಿಯ ಹೆಸರು ಮಾತ್ರ ಇರುತ್ತದೆ. ಕೆಲಸದವರ ಗುರುತು ಎಲ್ಲಿಯೂ ಕಾಣಬಾರದು, ಇದು ಅರ್ಬಾಬ್‌ನ, ಅಂದರೆ ಮಾಲೀಕರ ಕಟ್ಟಪ್ಪಣೆ. ಕಂಡರೆ ಮುಂದಿನ ಕೆಲಸ ಇಲ್ಲ.

ಇಗರ್ಜಿ ಬೇಕೆಂದವರು ನಿವೃತ್ತರಾಗಿ ಊರಿಗೆ ಹೊರಟಿರುವ ಒಬ್ಬ ಇಂಗ್ಲಿಷ್ ಎಂಜಿನಿಯರ್. ಫೋಟೊಗಳನ್ನು ಹರಡಿಕೊಂಡು ಹರಕು ಹಿಂದಿಯಲ್ಲಿ ಕಥೆ ಹೇಳಿ ಹೋಗಿದ್ದರು. ಎಡಸಾಲಿನ ಕಂಬಗಳು ದಪ್ಪ, ಗುಂಡಗೆ. ಅವುಗಳ ಮೇಲೆ ಅರ್ಧಚಂದ್ರದಂಥ ಕಮಾನು. ಅಷ್ಟಾಗುವಾಗ ಮಹಾಮಾರಿ ಬಂದು ಅರ್ಧ ಊರು ಖಾಲಿಯಾಯಿತು, ಕೆಲಸ ನಿಂತಿತು. ಉಳಿದವರ ಮೊಮ್ಮಕ್ಕಳು ಬಲಸಾಲು ಎಬ್ಬಿಸುವಾಗ ಕಾಲ ಬದಲಾಗಿತ್ತು: ಸಪೂರ ಕಂಬ, ಚೂಪು ಕಮಾನು. ಉತ್ತರದ ಬಾಗಿಲನ್ನು ಯಾರೋ ಕಲ್ಲಿಟ್ಟು ಮುಚ್ಚಿದ್ದಾರೆ. ಕಟ್ಟಿದವರ ಹೆಸರು ಯಾರಿಗೂ ತಿಳಿಯದು. ಆದರೆ ಕಲ್ಲುಗಳ ಮೇಲೆ ಉಳಿಯ ಗೀರುಗಳಿವೆ: ಒಂದರಲ್ಲಿ ಬಾಣ, ಇನ್ನೊಂದರಲ್ಲಿ ಮೀನಿನ ಮುಳ್ಳು. ಒಬ್ಬೊಬ್ಬ ಕಲ್ಲುಕುಟಿಗನಿಗೆ ಒಂದೊಂದು ಗುರುತು.

ಶಾಹಿದಾ ಕಾಗದದ ಕಂಬವನ್ನು ಬೀಡಿಯಂತೆಯೇ ಸುತ್ತುತ್ತಾರೆ. ಊರಿನಿಂದ ಬಂದ ಬೀಡಿ ನೂಲಿನಿಂದಲೇ ಬಿಗಿಯುತ್ತಾರೆ. ಅಂಗಡಿಯ ಉಳಿದ ಕೆಲಸದವರು ಅಂಟು ಒಣಗಿದ ಮೇಲೆ ನೂಲು ಕತ್ತರಿಸಿದರೆ ಇವರು ಹಾಗೇ ಬಿಡುತ್ತಾರೆ. ಕಳೆದ ವಾರ ಅಂಗಡಿಯ ಸೂಪರ್‌ವೈಸರ್, ಊರ ಕಡೆಯವರೇ ಆದ ಕ್ಲೇಟನ್ ಬಂದಾಗ ಬಲಸಾಲಿನ ಸಪೂರ ಕಂಬಗಳಲ್ಲಿ ಬಣ್ಣದಡಿಯ ನೂಲು ಕಂಡಿತು. ಆ ಸಾಲನ್ನು ಬರೀ ಅಂಟಿನಲ್ಲಿ ಮತ್ತೆ ಮಾಡಿಸಿದರು. ಅದರಲ್ಲೊಂದು ನಿನ್ನೆ ರಾತ್ರಿ ಎಸಿಯ ಒಣಗಾಳಿಗೆ ಬಿಟ್ಟುಕೊಂಡಿತು.

ಬೆಳಿಗ್ಗೆ ಬಲಸಾಲನ್ನೆಲ್ಲ ಕಿತ್ತು ಹೊಸದಾಗಿ ಸುತ್ತುತ್ತಿರುವಾಗ ಪಕ್ಕದ ಮನೆಯ ಅಮೀನತ್ ಬಾಗಿಲಲ್ಲಿ ನಿಂತು ಕಿಚಾಯಿಸುತ್ತಾರೆ. “ಎಂತದಾ ಶಾಹಿದಾ, ಇಗರ್ಜಿ ಇನ್ನೂ ಮುಗಿಲಿಲ್ವಾ? ಪಾದ್ರಿ ಬಂದು ಕಾಯ್ತಾ ಇರ್ಬಹುದು!”

“ನೀನು ಒಳಗೆ ಬಂದು ಈ ಕಮಾನು ಹಿಡಿ. ಪಾದ್ರಿಗೆ ಚಾ ಆಮೇಲೆ ಕೊಡುವಾ.”

ಪ್ರತಿ ಕಂಬಕ್ಕೂ ನೂಲು, ಪ್ರತಿ ನೂಲಿಗೂ ಗಂಟು. ಮೇಲೆ ಅಮೇರಾತ್ ಗುಡ್ಡದ ಧೂಳನ್ನು ಜರಡಿ ಹಿಡಿದು ಅಂಟಿನಲ್ಲಿ ಕಲಸಿ ಬಳಿದರೆ ಥೇಟ್ ಕಲ್ಲು.

“ಹೆಸರು ಹಾಕಿ ಅಂತ ನಾನು ಕೇಳುವುದಿಲ್ಲ. ಆದ್ರೆ ಗಂಟು ನಂದು. ಅದನ್ನು ಬಿಚ್ಚಿ ಅಂದ್ರೆ ಬಿಚ್ಚುವುದಿಲ್ಲ,” ಎನ್ನುತ್ತಾರೆ ಶಾಹಿದಾ. ಇದನ್ನು ಪತ್ರಿಕೆಯಲ್ಲಿ ಬರೆದರೆ ತೊಂದರೆಯಾಗದೇ ಎಂದು ವರದಿಗೆ ಬಂದ ನಾನು ಕೇಳಿದರೆ ನಗು. “ಬರೀರಿ, ಬರೀರಿ. ಅರ್ಬಾಬ್‌ಗೆ ಕನ್ನಡ ಓದ್ಲಿಕ್ಕೆ ಬರ್ತದಾ?”

ಸಂಜೆ ಕ್ಲೇಟನ್ ಬರುತ್ತಾರೆ. ಬಗ್ಗಿ ಒಳಗೆ ನೋಡುತ್ತಾರೆ. ನೂಲು ಕಾಣುವುದಿಲ್ಲ. ಸಮಾಧಾನವಾಗದೆ ಕಂಬದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ನಡುವಿನಲ್ಲಿ ಬೆರಳು ನಿಲ್ಲುತ್ತದೆ. ಸಾಸಿವೆಯಷ್ಟು ಉಬ್ಬು. ಮುಂದಿನ ಕಂಬದಲ್ಲೂ.

“ಎಂತ ಶಾಹಿದಕ್ಕಾ ಇದು?”

“ಕಂಬ.”

“ಬಿಚ್ಚಿ ಅಂದಿದ್ದೆ ನಾನು.”

“ಬಿಚ್ಚಿದೆ. ನಿನ್ನೆ ರಾತ್ರಿ ಬಿತ್ತು. ಇನ್ನು ಬಿಚ್ಚುವುದಿದ್ರೆ ನೀವೇ ಬಿಚ್ಚಿ, ಇಕೊಳ್ಳಿ ಕತ್ತರಿ.”

ಕ್ಲೇಟನ್ ಕತ್ತರಿ ಮುಟ್ಟುವುದಿಲ್ಲ. ಹೆಬ್ಬೆರಳು ಇನ್ನೂ ಕಂಬದ ಮೇಲೆಯೇ ಇದೆ. “ನಮ್ಮ ಅಮ್ಮನೂ ಬೀಡಿ ಕಟ್ತಿದ್ದವರೇ,” ಎಂದು ಮೆಲ್ಲಗೆ ಹೇಳುತ್ತಾರೆ. “ಕತ್ತಲೆಯಲ್ಲೂ ಹೀಗೇ ಗಂಟು ಹಾಕ್ತಿದ್ರು.”

ಆಮೇಲೆ ಚಾವಣಿಯನ್ನು ತಾವೇ ಎತ್ತಿ ಕೂರಿಸಿ, ಸುತ್ತಲೂ ಅಂಟು ಎಳೆಯುತ್ತಾರೆ.

“ಖಲಾಸ್. ಅಂಗಡಿಯಲ್ಲಿ ನಾನು ಯಾರಿಗೂ ಹೇಳುವುದಿಲ್ಲ.”